ತುಳಸೀದಳದ ತೂಕ

ಸತ್ಯಭಾಮೆಯು ತನ್ನ ಭಂಡಾರದ ಸುವರ್ಣವನ್ನೆಲ್ಲ ತಂದು ಸುರಿದರೂ ಅಲುಗದ ಕೃಷ್ಣನ ತಟ್ಟೆಯು, ರುಕ್ಮಿಣಿಯು ಇರಿಸಿದ ಒಂದೇ ಒಂದು ತುಳಸೀದಳಕ್ಕೆ ಮೇಲೆದ್ದ ಕಥೆಯನ್ನು ಹರಿಕಥೆಯಲ್ಲಿಯೋ ಬಯಲಾಟದಲ್ಲಿಯೋ ಅಜ್ಜಿಯ ಬಾಯಿಂದಲೋ ಕೇಳದೆ ಬೆಳೆದವರು ನಮ್ಮಲ್ಲಿ ವಿರಳ. ಆ ಕಥೆಯ ತಾತ್ಪರ್ಯವು ಭಕ್ತಿಗೆ ಸಂಬಂಧಪಟ್ಟದ್ದು. ಅದನ್ನು ರಸಾಯನಶಾಸ್ತ್ರದ ಅಂಗಳಕ್ಕೆ ಎಳೆದು ತರುವುದು ಅಷ್ಟೇನೂ ಉಚಿತವಲ್ಲವೆಂಬುದು ನನಗೂ ಗೊತ್ತು. ಆದರೂ ಕಳೆದ ತಿಂಗಳು ಔಷಧದ ಅಂಗಡಿಯೊಂದರಲ್ಲಿ ತುಳಸಿಯ ಸತ್ತ್ವವೆಂದು ಮಾರುತ್ತಿದ್ದ ಸೀಸೆಯೊಂದನ್ನು ಕೈಗೆತ್ತಿಕೊಂಡು, ಅದರ ಚೀಟಿಯ ಮೇಲೆ ಸಣ್ಣಕ್ಷರಗಳಲ್ಲಿ ‘ಒಟ್ಟು ಫ್ಲೇವನಾಯ್ಡುಗಳು’ ಎಂಬ ಮಾತನ್ನೂ ಅದರ ಮುಂದೆ ಶೇಕಡಾವಾರು ಅಂಕಿಯೊಂದನ್ನೂ ಓದಿದಾಗ, ನನ್ನ ಕಣ್ಣ ಮುಂದೆ ನಿಂತುದು ಸತ್ಯಭಾಮೆಯ ತಕ್ಕಡಿಯೇ. ಫ್ಲೇವನಾಯ್ಡುಗಳೆಂದರೆ ಗಿಡಗಳು ತಯಾರಿಸಿಕೊಳ್ಳುವ ದ್ರವ್ಯಗಳ ಒಂದು ದೊಡ್ಡ ಕುಟುಂಬ. ಅವುಗಳಲ್ಲಿ ಯಾವುವು ಎಂದು ಅಂಗಡಿಯವರನ್ನು ಕೇಳಿದೆ. ಅವರು ಸೀಸೆಯನ್ನು ಒಮ್ಮೆ ತಿರುಗಿಸಿ ನೋಡಿ, “ತುಳಸಿಯದೇ ಸಾರ್, ಬೇರೆ ಏನೂ ಸೇರಿಸಿಲ್ಲ” ಎಂದರು.

ಅವರ ಉತ್ತರದಲ್ಲಿ ತಪ್ಪೇನೂ ಇರಲಿಲ್ಲ. ತಪ್ಪಿದ್ದುದು ಆ ಅಂಕಿಯಲ್ಲಿ. ಗಂಧಭರಿತವಾದ ಸಸ್ಯಗಳ ಎಲೆಯಲ್ಲಿ ನಡೆಯುವ ಕೆಲಸವು ರಾಶಿ ಒಟ್ಟುವ ಕೆಲಸವಲ್ಲ, ಕುಸುರಿಯ ಕೆಲಸ. ಅದನ್ನು ರಾಶಿಯಾಗಿ ಅಳೆದು ಹೊಗಳುವುದೆಂದರೆ ಬೇಲೂರಿನ ಮದನಿಕೆಯರನ್ನು ಇಷ್ಟು ಮಣ ಬಳಪದ ಕಲ್ಲೆಂದು ವರ್ಣಿಸಿದಂತೆ.

ಜೀವಕೋಶದೊಳಗೆ ಒಂದು ದ್ರವ್ಯವನ್ನು ಮತ್ತೊಂದಾಗಿ ಮಾರ್ಪಡಿಸುವ ಈ ಕುಸುರಿಯ ಕೆಲಸಗಾರರಿಗೆ ಕಿಣ್ವಗಳೆಂದು ಹೆಸರು. ಪಾಠಪುಸ್ತಕದವರು ಹೊಸದಾಗಿ ಟಂಕಿಸಿದ ಶುಷ್ಕಪದವೆಂದು ಇದನ್ನು ಹಲವರು ಭಾವಿಸುವುದುಂಟು. ಆದರೆ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಅಧ್ಯಾಯದಲ್ಲಿಯೇ ಹೆಂಡವನ್ನು ಹುಳಿಯಿಸುವ ಬೀಜವಸ್ತುವಿಗೆ ಕಿಣ್ವವೆಂಬ ಮಾತು ಬಂದಿದೆ. ಜರ್ಮನಿಯ ಕ್ಯೂನೆ ಎಂಬ ಶರೀರಶಾಸ್ತ್ರಜ್ಞನು ಹತ್ತೊಂಬತ್ತನೆಯ ಶತಮಾನದಲ್ಲಿ ಗ್ರೀಕ್ ಭಾಷೆಯಿಂದ ‘ಎನ್‌ಜೈಮ್’ ಎಂಬ ಪದವನ್ನು ಕಟ್ಟಿದಾಗ ಅವನ ಮನಸ್ಸಿನಲ್ಲಿದ್ದುದೂ ಹುದುಗೇ. ನಮ್ಮ ಪಾರಿಭಾಷಿಕ ಪದಗಳಲ್ಲಿ ಇಷ್ಟು ಹದವಾಗಿ ಕೂತವು ಬಹಳವಿಲ್ಲವಾದುದರಿಂದ ಇದನ್ನು ಇಲ್ಲಿ ಹೇಳಿದೆ.

ಈ ಕೆಲಸಗಾರರ ಕಮ್ಮಟವನ್ನು ನೋಡಲು ದೂರ ಹೋಗಬೇಕಾಗಿಲ್ಲ. ನಮ್ಮ ಹಿತ್ತಲಿನಲ್ಲಿ ತುಳಸಿಯ ಕಟ್ಟೆಗೆ ನಾಲ್ಕು ಮಾರು ದೂರದಲ್ಲಿ, ಯಾರೂ ನೆಡದೆ ತಾನಾಗಿಯೇ ಹುಟ್ಟಿಕೊಂಡ, ತುಳಸಿಯ ಹತ್ತಿರದ ಬಂಧುವಾದ ಕಾಮಕಸ್ತೂರಿಯ ಗಿಡವೊಂದಿದೆ. ಬೇಸಗೆಯಲ್ಲಿ ಅದರ ಬೀಜವನ್ನು ನೀರಿನಲ್ಲಿ ನೆನೆಯಿಟ್ಟು, ಅದು ಕಪ್ಪೆಯ ಮೊಟ್ಟೆಗಳಂತೆ ಲೋಳೆಯುಟ್ಟು ಉಬ್ಬಿದ ಮೇಲೆ ಪಾನಕಕ್ಕೆ ಹಾಕುವುದು ಮನೆಯ ವಾಡಿಕೆ. ಆ ಗಿಡದ ಎಳೆಯ ಎಲೆಯೊಂದನ್ನು ಬಿಸಿಲಿಗೆ ಹಿಡಿದು, ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯಿಂದ ನೋಡಿದರೆ, ಎಲೆಯ ಮೈಮೇಲೆ ಅಲ್ಲಲ್ಲಿ ಸಣ್ಣ ಗುಣಿಗಳೂ ಪ್ರತಿ ಗುಣಿಯಲ್ಲಿ ಒಂದೊಂದು ಎಣ್ಣೆಯ ಹನಿಯಂತೆ ಹೊಳೆಯುವ ಬೊಟ್ಟೂ ಕಾಣುತ್ತವೆ. ಇವು ಗ್ರಂಥಿಗಳು. ಒಂದೊಂದು ಗ್ರಂಥಿಯ ತಲೆಯಲ್ಲಿಯೂ ನಾಲ್ಕೇ ಜೀವಕೋಶಗಳು. ಅವುಗಳ ಮೇಲೆ ತೆಳುವಾದ ಮೇಣದಂಥ ಪೊರೆ. ಪೊರೆಗೂ ಕೋಶಗಳಿಗೂ ನಡುವೆ ತೈಲದ ಕೊಳ. ಎಲೆಯನ್ನು ಬೆರಳಿನಲ್ಲಿ ಹೊಸಕಿ ಮತ್ತೆ ನೋಡಿದರೆ ಬೊಟ್ಟುಗಳು ಬತ್ತಿ ಹೋಗಿರುತ್ತವೆ, ಕೈ ಘಮಘಮಿಸುತ್ತಿರುತ್ತದೆ. ಹಾಗೆ ಘಮಿಸುವುದು ಲಿನಲೂಲ್, ಯೂಜಿನಾಲ್ ಮೊದಲಾದ ಹಾರಿಹೋಗುವ ದ್ರವ್ಯಗಳೇ ಹೊರತು ಫ್ಲೇವನಾಯ್ಡುಗಳಲ್ಲ. ಗಂಧವನ್ನೇ ಫ್ಲೇವನಾಯ್ಡೆಂದು ತಿಳಿಯುವುದು ವಿದ್ಯಾವಂತರಲ್ಲಿಯೂ ಇರುವ ಭ್ರಮೆ. ಹಾರಲಾರದ, ವಾಸನೆಯಿಲ್ಲದ ಫ್ಲೇವನಾಯ್ಡುಗಳಲ್ಲಿ ಕೆಲವು ಆ ತೈಲದೊಡನೆ ಅದೇ ಗ್ರಂಥಿಯಲ್ಲಿ ವಾಸವಾಗಿವೆ.

ಫ್ಲೇವನಾಯ್ಡುಗಳ ಹುಟ್ಟು ಸಾಮಾನ್ಯವಾದೊಂದು ಪದಾರ್ಥದಿಂದ. ನಾವು ತಿನ್ನುವ ತೊಗರಿಬೇಳೆಯಲ್ಲಿಯೂ ಇರುವ ಫಿನೈಲ್‌ಅಲನೀನ್ ಎಂಬ ಅಮೈನೋ ಆಮ್ಲದಿಂದ ಒಂದು ಕಿಣ್ವವು ಅಮೋನಿಯವನ್ನು ಕಿತ್ತೊಗೆಯುತ್ತದೆ. ಇನ್ನೆರಡು ಕಿಣ್ವಗಳು ಉಳಿದ ಒಂಬತ್ತು ಇಂಗಾಲಗಳ ತುಣುಕನ್ನು ಸಜ್ಜುಗೊಳಿಸುತ್ತವೆ. ಆ ಬಳಿಕ ಚಾಲ್ಕೋನ್ ಸಿಂಥೇಸ್ ಎಂಬ ಕಿಣ್ವವು ಅದಕ್ಕೆ ಎರಡೆರಡು ಇಂಗಾಲಗಳನ್ನು ಮೂರು ಬಾರಿ ಪೋಣಿಸಿ, ತನ್ನ ಹೊಟ್ಟೆಯ ಗುಹೆಯೊಳಗೆ ಆ ಸರಪಣಿಯನ್ನು ಬಾಗಿಸಿ, ತುದಿಯನ್ನು ನಡುವಿಗೆ ಸೇರಿಸಿ ಉಂಗುರ ಮಾಡುತ್ತದೆ. ಒಂಬತ್ತೂ ಆರೂ ಹದಿನೈದು: ಹದಿನೈದು ಇಂಗಾಲಗಳ ಈ ಮೂಳೆಗಟ್ಟೇ ಫ್ಲೇವನಾಯ್ಡುಗಳೆಲ್ಲಕ್ಕೂ ಮೂಲವಾದುದು. ಮುಂದಿನ ಕಿಣ್ವವು ಮಾಡುವುದು ಇನ್ನೊಂದು ಉಂಗುರವನ್ನು ಮುಚ್ಚುವ ಕೆಲಸ. ಅದು ಇಲ್ಲದಿದ್ದರೂ ಉಂಗುರವು ತನ್ನಷ್ಟಕ್ಕೇ ನಿಧಾನವಾಗಿ ಮುಚ್ಚಿಕೊಳ್ಳುತ್ತದೆ, ಆದರೆ ಎಡಗೈ ಬಲಗೈಗಳಂತೆ ಎರಡು ರೂಪಗಳೂ ಬೆರೆತು ಹುಟ್ಟುತ್ತವೆ. ಕಿಣ್ವವು ಒಂದೇ ರೂಪವನ್ನು ಆಯ್ದು ಕೊಡುತ್ತದೆ. ಅವಸರಕ್ಕಿಂತ ಆಯ್ಕೆಯೇ ಕಿಣ್ವದ ನಿಜವಾದ ಗುಣವೆಂದು ನನಗೆ ಮೊದಲು ಹೊಳೆದುದು ಇದನ್ನು ಓದಿದಾಗ.

ಚಾಲ್ಕೋನ್ ಸಿಂಥೇಸಿನ ಕೆಲಸವನ್ನು ಮೊತ್ತಮೊದಲು ಪ್ರಯೋಗನಳಿಕೆಯಲ್ಲಿ ತೋರಿಸಿದವರು ಜರ್ಮನಿಯ ಕ್ರಾಯ್ಟ್ಸಾಲರ್ ಮತ್ತು ಹಾಲ್‌ಬ್ರಾಕ್, 1972ರಲ್ಲಿ. ಅವರು ಹಿಡಿದುದು ನಮ್ಮ ಕೊತ್ತಂಬರಿಯ ಕುಟುಂಬಕ್ಕೆ ಸೇರಿದ ಪಾರ್ಸ್ಲಿ ಎಂಬ ಯೂರೋಪಿನ ಸೊಪ್ಪನ್ನು; ಅದರ ಜೀವಕೋಶಗಳನ್ನು ದ್ರವದಲ್ಲಿ ತೇಲಿಬಿಟ್ಟು ಬೆಳೆಸಿ, ಬೆಳಕಿಗೆ ಒಡ್ಡಿದರೆ ಅವು ಈ ಕಿಣ್ವವನ್ನು ಧಾರಾಳವಾಗಿ ತಯಾರಿಸಿಕೊಳ್ಳುತ್ತಿದ್ದವು. ಸೂರ್ಯನ ಅತಿನೇರಳೆ ಕಿರಣಗಳಿಗೆ ಎದುರಾಗಿ ಎಲೆಯು ಹಿಡಿಯುವ ಕೊಡೆಯಲ್ಲವೆ ಫ್ಲೇವನಾಯ್ಡುಗಳು! ಆ ಸೊಪ್ಪಿನಿಂದಲೇ ತಿಳಿದ ಇನ್ನೊಂದು ವಿಷಯವು ಅದಕ್ಕಿಂತಲೂ ಚೆಲುವಾದುದು. ಉಂಗುರ ಮುಚ್ಚಿದ ನಂತರ ಫ್ಲೇವೋನ್ ಎಂಬ ಉಪವರ್ಗವನ್ನು ಮಾಡಲು ಒಂದು ಜೋಡಿಬಂಧವನ್ನು ಕೂಡಿಸಬೇಕು. ಪುದೀನ, ತುಳಸಿ, ದೊಡ್ಡಪತ್ರೆಗಳ ಕುಟುಂಬದಲ್ಲಿ ಇದನ್ನು ಮಾಡುವುದು ಪೊರೆಗೆ ಅಂಟಿಕೊಂಡಿರುವ ಒಂದು ಬಗೆಯ ಕಿಣ್ವ. ಪಾರ್ಸ್ಲಿ, ಸಬ್ಬಸಿಗೆ, ಜೀರಿಗೆಗಳ ಕುಟುಂಬದಲ್ಲಿ ಇದನ್ನೇ ಮಾಡುವುದು ಆ ಕಿಣ್ವಕ್ಕೆ ಯಾವ ರಕ್ತಸಂಬಂಧವೂ ಇಲ್ಲದ, ಬೇರೊಂದು ಕಸುಬಿನಿಂದ ಈ ಕಸುಬಿಗೆ ಬಂದು ನಿಂತ ಮತ್ತೊಂದು ಕಿಣ್ವ. ಒಂದೇ ಚಟ್ನಿಯಲ್ಲಿ ಪುದೀನವನ್ನೂ ಕೊತ್ತಂಬರಿಯನ್ನೂ ಅರೆಯುವ ನಮ್ಮ ಹೆಂಗಸರು, ಒಂದೇ ಗಂಟನ್ನು ಬೇರೆ ಬೇರೆಯಾಗಿ ಕಲಿತ ಎರಡು ಮನೆತನಗಳನ್ನು ಒಂದೇ ಒರಳಿಗೆ ಹಾಕುತ್ತಿದ್ದಾರೆ.

ಇಲ್ಲಿಯವರೆಗಿನದು ಕಲ್ಲಿನ ದಿಮ್ಮಿಯನ್ನು ಒಡೆದು ತಂದ ಕತೆ. ಶಿಲ್ಪವು ಇನ್ನು ಮುಂದೆ. ಹೀಗೆ ಹುಟ್ಟಿದ ಎಪಿಜೆನಿನ್ ಎಂಬ ಫ್ಲೇವೋನಿನಲ್ಲಿ ರಸಾಯನಜ್ಞರು ಮನೆಯ ನಂಬರಿನಂತೆ ಎಣಿಸುವ 5, 7 ಮತ್ತು 4' ಎಂಬ ಮೂರು ಸ್ಥಾನಗಳಲ್ಲಿ ಆಮ್ಲಜನಕವೂ ಜಲಜನಕವೂ ಕೂಡಿದ ಹೈಡ್ರಾಕ್ಸಿಲ್‌ಗಳಿವೆ. 6, 8, 3' ಎಂಬ ಇನ್ನು ಮೂರು ಸ್ಥಾನಗಳಲ್ಲಿ ಹೊಸ ಹೈಡ್ರಾಕ್ಸಿಲ್ ನೆಡಬಹುದು. ಯಾವ ಹೈಡ್ರಾಕ್ಸಿಲ್‌ಗೇ ಆಗಲಿ ಮಿಥೈಲ್ ಎಂಬ ಸಣ್ಣ ಟೋಪಿಯನ್ನು ತೊಡಿಸಬಹುದು. ಮೊದಲ ಮೂರು ಸ್ಥಾನಗಳಿಗೆ ಎರಡೆರಡು ಸ್ಥಿತಿ, ಉಳಿದ ಮೂರಕ್ಕೆ ಮೂರು ಮೂರು ಸ್ಥಿತಿ, ಗುಣಿಸಿದರೆ 216. ಆರೇ ಸ್ಥಾನಗಳಿಂದ ಇಷ್ಟಾದರೆ, ಸಕ್ಕರೆಗಳನ್ನು ಜೋಡಿಸುವ ಕಿಣ್ವಗಳನ್ನೂ ಲೆಕ್ಕಕ್ಕೆ ಹಿಡಿದಾಗ ಜಗತ್ತಿನ ಗಿಡಮರಗಳಲ್ಲಿ ಸಾವಿರಾರು ಫ್ಲೇವನಾಯ್ಡುಗಳು ಕಂಡುಬಂದಿರುವುದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯವಿರುವುದು, ಕಾಮಕಸ್ತೂರಿಯು ಆ ಇನ್ನೂರ ಹದಿನಾರರಲ್ಲಿ ಕೆಲವೇ ಕೆಲವನ್ನು ಮಾಡಿ ಉಳಿದವನ್ನು ಬಿಟ್ಟುದರಲ್ಲಿ. ಲಂಡನ್ನಿನ ಕ್ಯೂ ಉದ್ಯಾನದ ರೆನೇ ಗ್ರೇಯರ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಕಾಮಕಸ್ತೂರಿಯ ಎಲೆಯ ಹೊರಮೈಯ ಫ್ಲೇವೋನುಗಳನ್ನು ಪಟ್ಟಿಮಾಡಿದಾಗ, ಸಾಲ್ವಿಜೆನಿನ್ ಮತ್ತು ನೆವಾಡೆನ್ಸಿನ್ ಎಂಬ ಎರಡು ಮುಖ್ಯವಾಗಿ ಕಂಡುಬಂದವು.

ಏಕೆ ಆ ಎರಡೇ? ಇದಕ್ಕೆ ಉತ್ತರವನ್ನು ಅಮೆರಿಕದ ವಾಷಿಂಗ್ಟನ್ ರಾಜ್ಯ ವಿಶ್ವವಿದ್ಯಾನಿಲಯದ ಆನಾ ಬೆರಿಮ್ ಮತ್ತು ಡೇವಿಡ್ ಗ್ಯಾಂಗ್ ಎಂಬವರು 2012ರಿಂದ ಮುಂದಿನ ಕೆಲವು ವರ್ಷಗಳಲ್ಲಿ ಒಂದೊಂದೇ ಕಿಣ್ವವನ್ನು ಬೇರ್ಪಡಿಸಿ ಹುಡುಕಿಕೊಟ್ಟರು. ಮೊದಲು 7ನೆಯ ಸ್ಥಾನಕ್ಕೆ ಮಿಥೈಲ್ ಟೋಪಿ ಬೀಳಬೇಕು. ಅದು ಬಿದ್ದ ಹೊರತು 6ನೆಯ ಸ್ಥಾನದಲ್ಲಿ ಹೈಡ್ರಾಕ್ಸಿಲ್ ನೆಡುವ ಕಿಣ್ವವು ಕೈಹಾಕುವುದೇ ಇಲ್ಲ. 6ನೆಯದಕ್ಕೂ 4'ಗೂ ಟೋಪಿ ತೊಡಿಸಿದರೆ ಸಾಲ್ವಿಜೆನಿನ್. ಅಲ್ಲಿಂದ 8ನೆಯ ಸ್ಥಾನದಲ್ಲಿ ಹೈಡ್ರಾಕ್ಸಿಲ್ ನೆಟ್ಟು ಅದಕ್ಕೂ ಮಿಥೈಲ್ ಹಾಕಿದ ಮೇಲೆ, ಕಟ್ಟಕಡೆಯಲ್ಲಿ, ಎಲ್ಲಕ್ಕಿಂತ ಮೊದಲು 7ರಲ್ಲಿ ತೊಡಿಸಿದ್ದ ಆ ಟೋಪಿಯನ್ನು ಮತ್ತೊಂದು ಕಿಣ್ವವು ಬಂದು ತೆಗೆದುಹಾಕುತ್ತದೆ. ಆಗ ಆಗುವುದು ನೆವಾಡೆನ್ಸಿನ್. ಕಮಾನು ಕಟ್ಟುವ ಗಾರೆಯವನು ಕೆಳಗೆ ಮರದ ಆಸರೆ ಕೊಟ್ಟು, ಕಲ್ಲುಗಳೆಲ್ಲ ಕೂತ ಮೇಲೆ ಆಸರೆಯನ್ನು ಬಿಚ್ಚುವುದನ್ನು ಬಲ್ಲವರಿಗೆ ಇದರ ಮರ್ಮವನ್ನು ವಿವರಿಸಬೇಕಾದುದಿಲ್ಲ. ಸಿದ್ಧವಾದ ನೆವಾಡೆನ್ಸಿನ್ನನ್ನು ಮಾತ್ರ ನೋಡಿದವರಿಗೆ 7ರಲ್ಲಿ ಎಂದಾದರೂ ಟೋಪಿಯಿತ್ತೆಂಬ ಸುಳಿವೂ ದೊರೆಯದು.

8ನೆಯ ಸ್ಥಾನದ ಕಿಣ್ವದ ಕುಲಗೋತ್ರವಂತೂ ಇನ್ನೂ ವಿಚಿತ್ರ. ಅದರ ಬಂಧುಗಳು ಇರುವುದು ಹಣ್ಣೆಲೆಯಲ್ಲಿ: ಮುದಿಯಾದ ಎಲೆಯ ಪತ್ರಹರಿತ್ತನ್ನು ಒಡೆಯುವ, ಅಂದರೆ ಹಸಿರನ್ನು ಅಳಿಸುವ ಕಿಣ್ವದ ವಂಶಕ್ಕೆ ಅದು ಸೇರಿದುದು. ಕೆಡಹುವ ಕೆಲಸದ ಮನೆತನದವನೊಬ್ಬನು ಕಾಮಕಸ್ತೂರಿಯ ಗ್ರಂಥಿಯಲ್ಲಿ ಕಟ್ಟುವ ಕೆಲಸಕ್ಕೆ ಸೇರಿಕೊಂಡಿದ್ದಾನೆ. ಆದರೆ ವಾಸಸ್ಥಾನವನ್ನು ಬದಲಿಸಿಲ್ಲ, ಇವತ್ತಿಗೂ ಹಸಿರುಕಣದ ಒಳಗೇ ಇದ್ದಾನೆ. ಹೀಗಾಗಿ ತಯಾರಾಗುತ್ತಿರುವ ಫ್ಲೇವೋನು ಒಂದು ಕೋಣೆಯಿಂದ ಮತ್ತೊಂದು ಕೋಣೆಗೆ ಹೋಗಿ ಬರಬೇಕಾಗುತ್ತದೆ.

ಇದೇ ಹೈಡ್ರಾಕ್ಸಿಲ್ ನೆಡುವ ವಿದ್ಯೆಯನ್ನು ನಮ್ಮ ದೇಶದಲ್ಲಿಯೇ ಒಬ್ಬರು ಗಾಜಿನ ಪಾತ್ರೆಯಲ್ಲಿ ಸಾಧಿಸುತ್ತಿದ್ದರೆಂಬುದನ್ನು ನಾವು ಮರೆತಂತೆ ಕಾಣುತ್ತದೆ. ಟಿ. ಆರ್. ಶೇಷಾದ್ರಿ (1900–1975) ಅವರು ವಾಲ್ಟೇರಿನ ಆಂಧ್ರ ವಿಶ್ವವಿದ್ಯಾನಿಲಯದಲ್ಲಿಯೂ ಅನಂತರ ದೆಹಲಿಯಲ್ಲಿಯೂ ಕೂತು ಫ್ಲೇವನಾಯ್ಡುಗಳ ಉಂಗುರದಲ್ಲಿ ಪರ್‌ಸಲ್ಫೇಟಿನಿಂದ, ಮೊದಲಿದ್ದ ಹೈಡ್ರಾಕ್ಸಿಲ್‌ನ ನೇರ ಎದುರಿಗೆ ಹೊಸದೊಂದನ್ನು ನೆಡುವ ಬಗೆಯನ್ನು ವರ್ಷಗಟ್ಟಲೆ ಅಭ್ಯಾಸಮಾಡಿದರು. ಆ ಲೇಖನಮಾಲೆಯು ಅಚ್ಚಾದುದು ಸಿ. ವಿ. ರಾಮನ್ ಅವರು 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ. ಗಿಡವೂ ಹೀಗೆಯೇ ಹಂತಹಂತವಾಗಿ ಆಮ್ಲಜನಕವನ್ನು ಸೇರಿಸಿ, ಮಿಥೈಲ್ ತೊಡಿಸಿ ವೈವಿಧ್ಯವನ್ನು ಸಾಧಿಸುತ್ತಿರಬೇಕೆಂದು ಅವರು ತರ್ಕಿಸಿದ್ದರು. ಕಿಣ್ವಗಳನ್ನು ಕೈಯಲ್ಲಿ ಹಿಡಿದು ತೋರಿಸುವ ಸಲಕರಣೆ ಆ ಕಾಲದಲ್ಲಿ ಇರಲಿಲ್ಲ.

ಇನ್ನು ಸೀಸೆಯ ಅಂಕಿಗೆ ಬರೋಣ. ‘ಒಟ್ಟು ಫ್ಲೇವನಾಯ್ಡು’ ಎಂಬುದನ್ನು ಸಾಮಾನ್ಯವಾಗಿ ಅಳೆಯುವ ಕ್ರಮ ಹೀಗಿದೆ: ಸತ್ತ್ವಕ್ಕೆ ಅಲ್ಯುಮಿನಿಯಂ ಕ್ಲೋರೈಡನ್ನು ಬೆರೆಸುತ್ತಾರೆ, ಹಳದಿ ಬಣ್ಣ ಏರುತ್ತದೆ, ಆ ಹಳದಿಯ ಗಾಢತೆಯನ್ನು ಯಂತ್ರದಲ್ಲಿ ಓದಿ, ಈರುಳ್ಳಿಯಲ್ಲಿ ಹೇರಳವಾಗಿರುವ ಕ್ವರ್ಸೆಟಿನ್ ಎಂಬ ದ್ರವ್ಯವು ಇಷ್ಟಿದ್ದರೆ ಇಷ್ಟು ಬಣ್ಣ ಬರುತ್ತಿತ್ತು ಎಂದು ಲೆಕ್ಕ ಹಾಕುತ್ತಾರೆ. ಆದರೆ ಎಲ್ಲ ಫ್ಲೇವನಾಯ್ಡುಗಳೂ ಒಂದೇ ಸಮನಾಗಿ ಬಣ್ಣ ಕೊಡುವುದಿಲ್ಲ. ಅಲ್ಯುಮಿನಿಯಂ ಹಿಡಿದುಕೊಳ್ಳುವುದು ಕೆಲವು ನಿರ್ದಿಷ್ಟ ಸ್ಥಾನಗಳಲ್ಲಿ ಬಯಲಾಗಿರುವ ಹೈಡ್ರಾಕ್ಸಿಲ್‌ಗಳನ್ನು ಮಾತ್ರ, ಕೆಲವು ಉಪವರ್ಗಗಳಂತೂ ಹೆಚ್ಚುಕಡಮೆ ಬಣ್ಣವನ್ನೇ ಕೊಡವು. ಹೀಗಿರುವಾಗ ಕ್ವರ್ಸೆಟಿನ್ನಿನ ಸೇರಿನಿಂದ ತುಳಸಿಯನ್ನು ಅಳೆಯುವುದು, ಭತ್ತದ ಕೊಳಗದಿಂದ ಹಾಲನ್ನೂ ಹತ್ತಿಯನ್ನೂ ಅಳೆದು ಕೂಡಿಸಿ ಒಂದು ಮೊತ್ತವನ್ನು ಹೇಳಿದಂತೆ. ಪ್ರಯೋಗಶಾಲೆಯಲ್ಲಿ ಒಂದೇ ಗಿಡದ ಹತ್ತು ಮಾದರಿಗಳನ್ನು ಹೋಲಿಸುವುದಕ್ಕೆ ಇದು ಉಪಯುಕ್ತವೆಂದು ಒಪ್ಪುತ್ತೇನೆ. ಕೊಳ್ಳುವವನ ಮುಂದೆ ಗುಣದ ಪ್ರಮಾಣವಾಗಿ ಇದನ್ನು ಹಿಡಿಯುವುದು ಮಾತ್ರ ಸರಿಯಲ್ಲ.

ಸ್ಥಾನಭೇದದಿಂದ ಆಗುವ ವ್ಯತ್ಯಾಸವು ಪುಸ್ತಕದ ಬದನೆಕಾಯಿಯಲ್ಲ. ಅಡಿಗೆಮನೆಯಲ್ಲಿಯೇ ಅದನ್ನು ಕಾಣಬಹುದು. ತುಳಸಿಯ ಎಲೆಯನ್ನು ನೀರಿನಲ್ಲಿ ಕುದಿಸಿ ಕಷಾಯ ಮಾಡಿದರೆ, ಸಕ್ಕರೆಯು ನೇರವಾಗಿ ಇಂಗಾಲಕ್ಕೇ ಅಂಟಿರುವ ಓರಿಯೆಂಟಿನ್, ವಿಸೆನಿನ್ ಎಂಬ ಫ್ಲೇವನಾಯ್ಡುಗಳು ನೀರಿಗೆ ಇಳಿಯುತ್ತವೆ. ಮಿಥೈಲ್ ತೊಟ್ಟು ಎಣ್ಣೆಯನ್ನು ಪ್ರೀತಿಸುವವು ಬಹುಪಾಲು ಚರಟದಲ್ಲಿ ಉಳಿಯುತ್ತವೆ. ಹಬೆಯಿಂದ ಬಟ್ಟಿ ಇಳಿಸಿ ತೈಲ ತೆಗೆದರೆ, ಗಂಧವೆಲ್ಲ ತೈಲಕ್ಕೆ ಬರುತ್ತದೆ, ಈ ಎರಡು ಬಗೆಗಳೂ ಹಂಡೆಯಲ್ಲಿಯೇ ಉಳಿದು ಸೊಪ್ಪಿನ ಸಂಗಡ ತಿಪ್ಪೆಗೆ ಹೋಗುತ್ತವೆ. ಮದ್ಯಸಾರದಲ್ಲಿ ನೆನೆಯಿಟ್ಟರೆ ಮೂರನೆಯದೇ ಒಂದು ಪಾಕ. ಕುಡಿದ ಮೇಲೂ ಭೇದ ಮುಗಿಯಲಿಲ್ಲ: ಬಯಲಾದ ಹೈಡ್ರಾಕ್ಸಿಲ್ ಕಂಡರೆ ಸಾಕು, ನಮ್ಮ ಕರುಳೂ ಯಕೃತ್ತೂ ಅದಕ್ಕೆ ಏನನ್ನಾದರೂ ಕಟ್ಟಿ ಹೊರಹಾಕಲು ಧಾವಿಸುತ್ತವೆ, ಟೋಪಿ ತೊಟ್ಟವು ಆ ಕಾವಲಿನಿಂದ ಸ್ವಲ್ಪ ತಪ್ಪಿಸಿಕೊಳ್ಳುತ್ತವೆ.

ಹೆಸರು ಹೇಳಿ ಕೆಲಸಮಾಡಿದವರಿಗೆ ಇದರ ಫಲ ದೊರೆತಿದೆ. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ಉಮಾದೇವಿ ಮತ್ತು ಸಹೋದ್ಯೋಗಿಗಳು 1990ರ ದಶಕದಲ್ಲಿ, ವಿಕಿರಣಕ್ಕೆ ಒಡ್ಡಿದ ಇಲಿಗಳನ್ನು ತುಳಸಿ ಕಾಯುವುದೇ ಎಂದು ಪರೀಕ್ಷಿಸುತ್ತ, ಎಲೆಯ ನೀರಿನ ಸತ್ತ್ವದಲ್ಲಿಯೇ ನಿಂತುಬಿಡದೆ, ಆ ಓರಿಯೆಂಟಿನ್ ವಿಸೆನಿನ್‌ಗಳನ್ನು ಬೇರ್ಪಡಿಸಿ ಒಂದೊಂದನ್ನೇ ಕೊಟ್ಟು ನೋಡಿದರು. ಬದುಕಿ ಉಳಿದ ಇಲಿಗಳ ಸಂಖ್ಯೆ ಹೆಚ್ಚಿತೆಂಬುದಕ್ಕಿಂತ, ಯಾವುದರಿಂದ ಹೆಚ್ಚಿತೆಂದು ಹೇಳಬಲ್ಲವರಾದುದು ನನಗೆ ದೊಡ್ಡದಾಗಿ ತೋರುತ್ತದೆ. ಇಲಿಗೆ ಆದುದು ಮನುಷ್ಯನಿಗೂ ಆಯಿತೆಂದು ಹಾರುವುದು ಜಾಹೀರಾತಿನವರ ಕೆಲಸ. ದ್ರವ್ಯಗಳ ಹೆಸರಿನಂತೆಯೇ ಅವನ್ನು ಮಾಡುವ ಕಿಣ್ವಗಳನ್ನು ಹುಡುಕುವ ದಾರಿಯೂ ಈಗ ತೆರೆದಿದೆ: 2015ರಲ್ಲಿ ಲಖನೌದ ತಂಡವೊಂದೂ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ತಂಡವೊಂದೂ ತುಳಸಿಯ ಜೀನೋಮನ್ನು ಪ್ರತ್ಯೇಕವಾಗಿ ಪ್ರಕಟಿಸಿದವು. ಆದುದರಿಂದ ಈ ಕಿಣ್ವಗಳ ಬರಹವು ಈಗ ನಮ್ಮೆದುರಿಗೆ ತೆರೆದ ಗ್ರಂಥ. ಕೃಷ್ಣತುಳಸಿಯ ಕಪ್ಪುಗೆಂಪಿನ ಬಣ್ಣವೂ ಇದೇ ಹದಿನೈದು ಇಂಗಾಲಗಳ ಮೂಳೆಗಟ್ಟಿನ ಇನ್ನೊಂದು ಅವತಾರ.

ಒಂದೇ ಗ್ರಂಥಿಯ ನಿವಾಸಿಗಳಿಗೆ ಪರಸ್ಪರ ಸಂಬಂಧವುಂಟೆಂಬುದಕ್ಕೆ ಕಾಮಕಸ್ತೂರಿಯೇ ಒಂದು ದೃಷ್ಟಾಂತವನ್ನು ಒದಗಿಸಿದೆ. ಅದರ ಕೆಲವು ತಳಿಗಳ ತೈಲದಲ್ಲಿ ಎಸ್ಟ್ರಗೋಲ್ ಎಂಬ ದ್ರವ್ಯ ಹೆಚ್ಚು. ಬೇರ್ಪಡಿಸಿ ಅತಿಯಾಗಿ ತಿನ್ನಿಸಿದರೆ ಅದು ಇಲಿಗಳ ಯಕೃತ್ತಿನಲ್ಲಿ ಗಡ್ಡೆಗಳನ್ನು ಉಂಟುಮಾಡುತ್ತದೆ, ಏಕೆಂದರೆ ಯಕೃತ್ತಿನದೇ ಒಂದು ಕಿಣ್ವವು ಅದನ್ನು ವಿಷವಾಗಿ ಮಾರ್ಪಡಿಸುತ್ತದೆ. ನೆದರ್ಲೆಂಡಿನ ವಾಗೆನಿಂಗೆನ್ ವಿಶ್ವವಿದ್ಯಾನಿಲಯದವರು 2010ರಲ್ಲಿ, ಕಾಮಕಸ್ತೂರಿಯ ಎಲೆಯಲ್ಲಿಯೇ ಆ ಕಿಣ್ವವನ್ನು ತಡೆಯುವ ಪದಾರ್ಥವೂ ಇದೆಯೆಂದು ಕಂಡುಹಿಡಿದರು; ಅದು ಬೇರಾವುದೂ ಅಲ್ಲ, ಆಸರೆ ಬಿಚ್ಚಿ ಮುಗಿಸಿದ ಆ ನೆವಾಡೆನ್ಸಿನ್. ಇದರಿಂದ ಎಲೆ ಎಷ್ಟು ತಿಂದರೂ ಕ್ಷೇಮವೆಂದು ಸಿದ್ಧವಾಗುವುದಿಲ್ಲ. ಆದರೆ ತೈಲವನ್ನು ಮಾತ್ರ ಇಳಿಸಿಕೊಂಡು ಫ್ಲೇವೋನನ್ನು ಹಂಡೆಯಲ್ಲಿ ಬಿಡುವವನು ಯಾವುದನ್ನು ಯಾವುದರಿಂದ ಅಗಲಿಸುತ್ತಿದ್ದಾನೆಂದು ತಿಳಿದಿರುವುದು ಒಳ್ಳೆಯದು.

ನಾನು ಕೇಳುವುದು ದೊಡ್ಡದೇನನ್ನೂ ಅಲ್ಲ. ಸೀಸೆಯ ಚೀಟಿಯ ಮೇಲೆ ಒಟ್ಟು ಮೊತ್ತದ ಬದಲಿಗೆ ಎರಡು ಮೂರು ಫ್ಲೇವನಾಯ್ಡುಗಳ ಹೆಸರೂ ಪ್ರಮಾಣವೂ ಇರಲಿ. ನೀರಿನ ಸತ್ತ್ವವೋ ಮದ್ಯಸಾರದ್ದೋ ಎಂಬುದು ದಪ್ಪಕ್ಷರದಲ್ಲಿರಲಿ. ಗಿಡದ ತಳಿ ಯಾವುದೆಂದು ಬರೆದಿರಲಿ. ಸಣ್ಣ ತಯಾರಕರಿಗೆ ಇದರ ಖರ್ಚು ಭಾರವಾದೀತೆಂಬ ಆಕ್ಷೇಪಣೆಯುಂಟು, ಅದು ನಿಜವೂ ಹೌದು. ಆದರೆ ದ್ರವ್ಯಗಳನ್ನು ಒಂದೊಂದಾಗಿ ಬಿಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರವು ಇಂದು ಫಾರ್ಮಸಿ ಕಾಲೇಜುಗಳಲ್ಲಿ ಸಹ ಇದೆ. ವರ್ಷದಲ್ಲಿ ಹಲವು ತಿಂಗಳು ಅದರ ಮೇಲೆ ಹೊದಿಸಿದ ಬಟ್ಟೆಯನ್ನು ತೆಗೆಯುವವರಿಲ್ಲದ ಕಾಲೇಜೊಂದನ್ನು ನಾನೇ ನೋಡಿದ್ದೇನೆ. ತಳಿಗಳ ವಿಷಯದಲ್ಲಿಯೂ ಹಾಗೆಯೇ: ಒಳ್ಳೆಯ ತುಳಸಿಯೆಂದರೆ ತೈಲದ ಶೇಕಡಾವಾರು ಹೆಚ್ಚಿರುವುದು ಎಂದೇ ರೂಢಿಯಾಗಿದೆ, ಫ್ಲೇವೋನುಗಳಿಗಾಗಿ ಗಿಡವನ್ನು ಆರಿಸುವವರನ್ನು ನಾನು ಕಾಣೆ.

ತುಳಸಿಗೆ ಉಗುರು ತಾಗಿಸಬಾರದು, ದ್ವಾದಶಿಯ ದಿನ ಕೊಯ್ಯಬಾರದು ಎಂದು ನಮ್ಮ ಸೋದರತ್ತೆ ಗದರಿಸುತ್ತಿದ್ದರು. ಅವರಿಗೆ ಗ್ರಂಥಿಯ ಪೊರೆಯ ವಿಷಯ ತಿಳಿದಿತ್ತೆಂದು ನಾನು ಹೇಳಲಾರೆ. ಹಾಗೆ ಹೇಳುವ ಲೇಖನಗಳು ಪತ್ರಿಕೆಗಳಲ್ಲಿ ಬೇಕಾದಷ್ಟು ಬರುತ್ತಿವೆ. ಅವರು ಎಲೆಯನ್ನು ಒಂದೊಂದಾಗಿ ನೋಡುತ್ತಿದ್ದರು, ಅಷ್ಟೇ. ಅವರ ಮೊಮ್ಮಗ ಈಗ ತುಮಕೂರಿನ ಕಡೆ ಅರ್ಧ ಎಕರೆಯಲ್ಲಿ ತುಳಸಿ ಬೆಳೆಯುತ್ತಾನೆ. ಹೋದ ಬಾರಿ ಅಲ್ಲಿಗೆ ಹೋದಾಗ ಖರೀದಿಯವನ ಟೆಂಪೋ ಅಂಗಳದಲ್ಲಿ ನಿಂತಿತ್ತು. ಹೂಬಿಡುವ ಮೊದಲು ಕೊಯ್ದದ್ದು, ಹೂವಾದ ಮೇಲೆ ಕೊಯ್ದದ್ದು, ಕೃಷ್ಣತುಳಸಿ, ಬಿಳಿತುಳಸಿ ಎಲ್ಲವನ್ನೂ ಒಂದೇ ತಾಡಪಾಲಿನ ಮೇಲೆ ಸುರಿದು, ಇಬ್ಬರು ಆಳುಗಳು ಮೂಟೆಗೆ ತುಂಬಿ ಕಾಲಿನಿಂದ ತುಳಿಯುತ್ತಿದ್ದರು. ಓಣಿಯ ತುದಿಯವರೆಗೂ ಘಮ ಹರಡಿತ್ತು. ಖರೀದಿಯವನು ಮೂಟೆಯನ್ನು ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿ, ಮುಳ್ಳು ನಿಲ್ಲುವುದನ್ನು ಕಾದು, ಕಿವಿಯ ಮೇಲಿದ್ದ ಪೆನ್ನನ್ನು ತೆಗೆದು ಅಂಗೈಯಲ್ಲಿ ಬರೆದುಕೊಂಡ: ಮೂವತ್ತೆರಡೂವರೆ.